ಬಸುರಿಯಲ್ಲಿ ಫ್ಲೂ ಇಂಜೆಕ್ಷನ್: ತಗೊಂಡವರು, ಬಿಟ್ಟವರು ಅನುಭವ ಹೇಳಿ

ಕಾರವಾರದಿಂದ ಪ್ರಶ್ನೆ:
ನನಗೆ ಐದು ತಿಂಗಳು. ಟಿ.ಡಿ. (ಧನುರ್ವಾಯು, ಡಿಫ್ತೀರಿಯಾದ ಇಂಜೆಕ್ಷನ್) ಆಯಿತು. ಈಗ ಫ್ಲೂ ಇಂಜೆಕ್ಷನ್ನೂ ತಗೊಳ್ಳಿ ಅಂತ ಡಾಕ್ಟರು ಹೇಳುತ್ತಿದ್ದಾರೆ. ಅತ್ತೆ ಬೇಡ ಅನ್ನುತ್ತಾರೆ. ಮಳೆ ಹತ್ತಿರ ಬಂತು. ಏನು ಮಾಡಲಿ?

ತದಡಿಯ ಅಕ್ಕ:
ನಾನು ಬಿಟ್ಟವಳು. 1,800 ರೂಪಾಯಿ ಅಂದರು, ಬೇಡ ಅಂತ ಎದ್ದು ಬಂದೆ. 2024ರ ಜುಲೈ, ಏಳು ತಿಂಗಳು. ಬೋಟು ಬಂದ್ ಇದ್ದ ಕಾಲ, ಮನೆಯಲ್ಲಿ ದುಡ್ಡಿಲ್ಲ. ಮೊದಲ ದಿನ ಬರೀ ಗಂಟಲು ಕೆರೆತ. ಮೂರನೇ ದಿನ 103 ಜ್ವರ, ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ನನ್ನ ಫೈಲು ಕಾರವಾರದಲ್ಲಿ, ತವರು ಅಲ್ಲೇ. ಆದರೆ ದಾರಿಯಲ್ಲಿ, ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್. ಮಣಿಪಾಲದ ಕಡೆ ತಿರುಗಿಸಿದೆವು. ಕಾರಿಗೆ 5,500. ಐದು ದಿನಕ್ಕೆ 68,400, ಅದರಲ್ಲಿ ಎರಡು ದಿನ ಆಕ್ಸಿಜನ್. ಫ್ಲೂ ಔಷಧಿ ಒಸೆಲ್ಟಾಮಿವಿರ್ ಹತ್ತು ಗುಳಿಗೆ ನುಂಗಿದೆ. ಕಿವಿಯದ್ದು ಬ್ಯಾಂಕಿನಲ್ಲಿ ಇಟ್ಟಿದ್ದು ಇನ್ನೂ ಬಿಡಿಸಿಲ್ಲ. ಮಗ ಹುಷಾರಾಗಿದ್ದಾನೆ. ಆದರೂ ಮಳೆ ಜೋರಾಗಿ ಹೊಯ್ದರೆ ನನಗೆ ಆ ಕಾರಿನ ಒಳಗೆ ಕೂತ ಹಾಗೇ ಆಗುತ್ತದೆ.

ಶಿರಸಿಯವಳು:
ನಾನು ತಗೊಂಡೆ, ಎರಡನೇ ಬಸುರಿಯಲ್ಲಿ, ಆರನೇ ತಿಂಗಳು. ನಮ್ಮಲ್ಲಿ ಮೂರು ಮೆಡಿಕಲ್ ಶಾಪ್ ಸುತ್ತಿದೆ. ಒಂದರಲ್ಲಿ ಸ್ಟಾಕ್ ಇಲ್ಲ, ಇನ್ನೊಂದರಲ್ಲಿ ಹೋದ ವರ್ಷದ್ದು. ಮೂರನೆಯವನು ಫ್ರಿಜ್‌ನಿಂದ ತೆಗೆದು ಬರೀ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ. ವಾಪಸ್ ಕೊಟ್ಟೆ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಬಿಸಿಲಲ್ಲಿ ಹಿಡಿದುಕೊಂಡು ಹೋದರೆ ಏನು ಬಂತು? ಕೊನೆಗೆ ಹುಬ್ಬಳ್ಳಿಗೆ ಹೋಗಿ ಅಲ್ಲೇ ಹಾಕಿಸಿಕೊಂಡೆ. ಲಸಿಕೆಗೆ 1,950, ಚುಚ್ಚಿದ್ದಕ್ಕೆ 100, ಡಾಕ್ಟರ ಫೀಸು 400, ಬಸ್ಸು ಬೇರೆ. ಎರಡು ದಿನ ತೋಳು ಎತ್ತಲಾಗಲಿಲ್ಲ. ಅತ್ತೆ ಕಷಾಯ ಮಾಡಿ ಕೊಟ್ಟರು, ಅದನ್ನೂ ಕುಡಿದೆ. ಬಾಣಂತನದಲ್ಲಿ ಮನೆ ಮಂದಿಗೆಲ್ಲ ಜ್ವರ ಬಂತು, ಮಗುವಿಗೆ ಮಾತ್ರ ಬರಲಿಲ್ಲ. ನಾನಂತೂ ಇಂಜೆಕ್ಷನ್ನಿಂದಲೇ ಅಂತ ನಂಬಿದ್ದೇನೆ.

ಹೊನ್ನಾವರದವಳು:
ನಾನೂ ತಗೊಂಡೆ. ನಾಲ್ಕೇ ದಿನಕ್ಕೆ ಜ್ವರ, ಒಂದು ವಾರ ಮಲಗಿದೆ. 1,700 ನೀರಿಗೆ ಹೋಯಿತು. ಡಾಕ್ಟರಿಗೆ ಹೇಳಿದರೆ ಅದು ಬೇರೆ ಜ್ವರ ಅಂದರು. ಎಲ್ಲರೂ ಹಾಗೇ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಅಮ್ಮ ಐದು ಹೆತ್ತಳು, ಯಾವ ಫ್ಲೂ ಇಂಜೆಕ್ಷನ್ ಇತ್ತು ಆಗ?

ಅಂಕೋಲಾದ ನರ್ಸ್:
ಹೊನ್ನಾವರದ ಅಕ್ಕಾ, ಬಸುರಿಗೆ ಹಾಕುವುದು ಸತ್ತ ವೈರಸ್ಸಿನ ಲಸಿಕೆ. ಅದರಿಂದ ಫ್ಲೂ ಬರುವುದಿಲ್ಲ. ಮೂಗಿಗೆ ಬಿಡುವ ಜೀವಂತ ಲಸಿಕೆಯನ್ನು ಬಸುರಿಗೆ ಕೊಡುವುದೇ ಇಲ್ಲ. ಶಕ್ತಿ ಬರಲು ಸುಮಾರು ಎರಡು ವಾರ ಬೇಕು. ನಾಲ್ಕು ದಿನಕ್ಕೆ ಜ್ವರ ಬಂದರೆ ಲಸಿಕೆ ಸುಳ್ಳಾಗುವುದಿಲ್ಲ. ಆರು ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಹಾಕುವ ಹಾಗಿಲ್ಲ, ತಾಯಿಯಿಂದ ಹೋದದ್ದೇ ಅದಕ್ಕೆ ಕಾವಲು. 2009ರ ಎಚ್1ಎನ್1 ಫ್ಲೂನಲ್ಲಿ (ಹಂದಿಜ್ವರ) ಬಸುರಿಯರು ಎಷ್ಟು ಕಷ್ಟಪಟ್ಟರು ಅಂತ ಗೊತ್ತಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ನಾನು ನನ್ನ ಎರಡೂ ಬಸುರಿಯಲ್ಲಿ ತಗೊಂಡಿದ್ದೇನೆ. ಅಮ್ಮ ಐದು ಹೆತ್ತರು ಸರಿ, ಉಳಿದದ್ದು ಎಷ್ಟು?

ಹೊನ್ನಾವರದವಳು:
ನಾಲ್ಕು. ನನ್ನ ಮೇಲಿನ ಅಣ್ಣ ಮೂರು ತಿಂಗಳಿಗೆ ಹೋದ. ಜ್ವರ, ಕೆಮ್ಮು. ಹೀಗೆ ಕೇಳಬಾರದಿತ್ತು ನೀವು.

ಅಂಕೋಲಾದ ನರ್ಸ್:
ತಪ್ಪಾಯಿತು ಅಕ್ಕಾ. ಆ ಮಾತು ಬರೆಯಬಾರದಿತ್ತು.

ಕಾರವಾರದ ಅಣ್ಣ:
ಹೆಂಗಸರ ಮಾತಿನ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ತದಡಿಯವರು ಹೇಳಿದ್ದು ಕೇಳಿ ಹೊಟ್ಟೆ ಉರಿಯುತ್ತದೆ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗಿದೆವು? ನನ್ನ ಹೆಂಡತಿಯನ್ನು ಗೋವಾಕ್ಕೆ ಕರೆದುಕೊಂಡು ಹೋದೆ. ದಾರಿ ಉದ್ದಕ್ಕೂ ಅವಳ ಕೈ ಬಿಡಲಿಲ್ಲ. ಇಂಜೆಕ್ಷನ್ ಸರ್ಕಾರದ್ದೇ ಪುಕ್ಕಟೆ ಇದ್ದರೆ ಈ ಚರ್ಚೆ ಬೇಕಿತ್ತಾ? ಕರಾವಳಿಯಲ್ಲಿ ಆಸ್ಪತ್ರೆ ಮೊದಲು ಆಗಲಿ.

ಶಿರಸಿಯವಳು:
ಕರಾವಳಿಯಲ್ಲೇ ಯಾಕೆ? ಘಟ್ಟದ ಮೇಲಿನವರು ಮನುಷ್ಯರಲ್ವಾ? ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ನೋಡಿ ಒಮ್ಮೆ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು.

ಕಾರವಾರದ ಅಣ್ಣ:
ಶಿರಸಿಯಿಂದ ಹುಬ್ಬಳ್ಳಿಗೆ ನೇರ ಬಸ್ಸಿದೆ. ನಮಗೆ ರಾಜ್ಯವೇ ದಾಟಬೇಕು.

ಶಿರಸಿಯವಳು:
ನೇರ ಬಸ್ಸಿಗೆ ಎರಡೂವರೆ ಗಂಟೆ. ಹೆರಿಗೆ ನೋವು ಕಾಯುತ್ತದಾ?

ತದಡಿಯ ಅಕ್ಕ:
ಆಸ್ಪತ್ರೆ ಜಗಳ ನಾಳೆ ಮಾಡಿ. ಪಾಪ ಆ ಹುಡುಗಿ ಕೇಳಿದ್ದು ಇಂಜೆಕ್ಷನ್. ತಂಗಿ, 1,800 ಕೊಟ್ಟುಬಿಡು. ನಿನ್ನ ಅತ್ತೆಗೆ ನನ್ನ ಬಿಲ್ಲು ತೋರಿಸು ಬೇಕಾದರೆ, ಕಳಿಸುತ್ತೇನೆ.

ಕಾರವಾರದ ಪ್ರಶ್ನೆ ಕೇಳಿದವಳು:
ಅಕ್ಕಾ, ಬಿಲ್ಲು ಕಳಿಸಿ. ಅತ್ತೆಗೆ ಓದಿ ಹೇಳುತ್ತೇನೆ. ಗುರುವಾರ ತಪಾಸಣೆ ಇದೆ. ಲಸಿಕೆ ಹೊರಗಿನಿಂದ ತರಬೇಕು ಅಂದರು. ಐಸ್ ಡಬ್ಬಿ ಎಲ್ಲಿ ಸಿಗುತ್ತದೆ?

ಅಂಕೋಲಾದ ನರ್ಸ್:
ನೀವೇ ಹೊತ್ತು ತರಬೇಡಿ. ಬುಧವಾರವೇ ಫೋನ್ ಮಾಡಿ, ಅವರೇ ತರಿಸಿ ಫ್ರಿಜ್‌ನಲ್ಲಿಡಲಿ. ಈ ವರ್ಷದ್ದೇನಾ ಅಂತ ಡಬ್ಬಿ ನೋಡಿ. ಮೊಟ್ಟೆ ತಿಂದರೆ ಮೈ ಊದುವುದಿದ್ದರೆ ಮೊದಲೇ ಹೇಳಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತು ಬನ್ನಿ.