ತಾತನ ಟ್ರಂಕು ಇಳಿಸಿದ್ದೇವೆ, ಮೊದಲು ಯಾವುದಕ್ಕೆ ಕೈ ಹಾಕಲಿ?

ಪ್ರಶ್ನೆ, ತಿಪಟೂರಿನಿಂದ

ನಮ್ಮ ತಾತ ಹೋದ ಕಾರ್ತಿಕದಲ್ಲಿ ತೀರಿಕೊಂಡರು. ತೊಂಬತ್ತು ದಾಟಿತ್ತು. ಊರಿಗೆಲ್ಲ ಅವರು ಪ್ರೈಮರಿ ಸ್ಕೂಲ್ ಮೇಷ್ಟ್ರು. ನನಗೆ ಮಾತ್ರ ಸಂಜೆ ಹೊತ್ತು ಜೇಬಿನಿಂದ ಕೊಬ್ಬರಿ ಚೂರು, ಬೆಲ್ಲ ತೆಗೆದುಕೊಡುತ್ತಿದ್ದ ತಾತ. ಮೊನ್ನೆ ಅಟ್ಟದಿಂದ ಅವರ ಟ್ರಂಕು ಇಳಿಸಿದೆವು. ಸುಮಾರು ಇನ್ನೂರು ಫೋಟೊ, ಅಂಟು ಹಾಳೆಯ ಎರಡು ಆಲ್ಬಮ್, ಜಾತಕ, ನಾಲ್ಕು ಡೈರಿ ಸಿಕ್ಕಿವೆ. ಒಂದು ಕ್ಯಾಸೆಟ್ಟೂ ಇದೆ, ಅದರ ಮೇಲೆ ತಾತನ ಅಕ್ಷರದಲ್ಲಿ ‘ಮನೆ’ ಅಂತ ಮಾತ್ರ ಬರೆದಿದೆ.

ನಡುಮನೆಯ ಗೋಡೆಯಲ್ಲಿ ತಾತ, ಅಜ್ಜಿಯ ಮದುವೆ ಫೋಟೊ ಇದೆ. ಅದು ಗಾಜಿಗೆ ಅಂಟಿಕೊಂಡುಬಿಟ್ಟಿದೆ. ಎಷ್ಟೋ ಫೋಟೊಗಳಲ್ಲಿ ಇರುವವರು ಯಾರು ಅಂತ ಅಪ್ಪನಿಗೂ ಗೊತ್ತಿಲ್ಲ. ತಾತನ ತಂಗಿ ಒಬ್ಬರು ಅರಸೀಕೆರೆಯಲ್ಲಿದ್ದಾರೆ, ಅವರಿಗೆ ಎಂಬತ್ನಾಲ್ಕು. ನಾನು ಎಲ್ಲಿಂದ ಶುರು ಮಾಡಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ. ನನ್ನ ಕೈಯಿಂದ ಒಂದೇ ಒಂದು ಫೋಟೊ ಹಾಳಾದರೂ ನಾನು ತಡೆದುಕೊಳ್ಳಲಾರೆ.

ಮೈಸೂರಿನಿಂದ

ನೋಡಮ್ಮ, ಮೂವತ್ತೈದು ವರ್ಷ ಸ್ಟುಡಿಯೊ ನಡೆಸಿದವನು ನಾನು. ಮೊದಲು ಆ ಮದುವೆ ಫೋಟೊ ವಿಷಯ ಹೇಳಿಬಿಡುತ್ತೇನೆ. ಅದನ್ನು ಗಾಜಿನಿಂದ ಕೀಳಲು ಮಾತ್ರ ಹೋಗಬೇಡಿ.

ಆ ಕಾಲದ ಕಪ್ಪು ಬಿಳುಪು ಫೋಟೊದ ಮೇಲೆ ಜೆಲಟಿನ್ ಅಂತ ಒಂದು ಪದರ ಇರುತ್ತದೆ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು ಅದು. ಚಿತ್ರ ಮೂಡಿಸುವ ಬೆಳ್ಳಿಯ ಕಣಗಳು ಆ ಪದರದೊಳಗೇ ಕೂತಿರುತ್ತವೆ. ಮಳೆಗಾಲದ ತೇವಕ್ಕೆ ಅಂಟು ಉಬ್ಬಿ ಗಾಜಿಗೆ ಹಿಡಿದುಕೊಳ್ಳುತ್ತದೆ. ಕಿತ್ತರೆ ಅಜ್ಜಿಯ ಮುಖ ಗಾಜಿನ ಮೇಲೆ, ಬಿಳಿ ಕಾಗದ ನಿಮ್ಮ ಕೈಯಲ್ಲಿ. ಹಾಗೆ ಕಿತ್ತು ನನ್ನ ಅಂಗಡಿಗೆ ತಂದವರು ಎಷ್ಟೋ ಜನ. ಅವರಿಗೆ ಏನು ಹೇಳಬೇಕು ಅಂತಲೇ ತೋಚುತ್ತಿರಲಿಲ್ಲ.

ಫ್ರೇಮಿನ ಹಿಂದಿನ ಮೊಳೆ ತೆಗೆದು, ರಟ್ಟು ಬಿಚ್ಚಿ, ಗಾಜಿನ ಹೊರಮೈ ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಬೋರಲು ಹಾಕಿ. ಸ್ಕ್ಯಾನರ್ ಇಲ್ಲ ಅಂದರೆ ಬೆಳಗಿನ ಹೊತ್ತು ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ. ಗಾಜಿನಲ್ಲಿ ನಿಮ್ಮ ನೆರಳು ಬಿದ್ದರೆ ಫೋನಿನ ಮುಂದೆ ಒಂದು ಕಪ್ಪು ಬಟ್ಟೆ ಹಿಡಿಯಲು ಯಾರಿಗಾದರೂ ಹೇಳಿ, ನಡುವೆ ಲೆನ್ಸಿಗಷ್ಟೇ ಕಿಂಡಿ ಇರಲಿ. ನಂತರ ಒಳ್ಳೆಯ ಪ್ರಿಂಟ್ ಹಾಕಿಸಿ ಗೋಡೆಗೆ ಅದನ್ನು ತೂಗುಹಾಕಿ. ಹಾರ, ಕುಂಕುಮ, ಊದುಬತ್ತಿ ಹೊಗೆ, ಬಿಸಿಲು ಎಲ್ಲ ಆ ಪ್ರಿಂಟಿಗೆ ಇರಲಿ. ಅಸಲು ಫೋಟೊ ಬೀರುವಿಗೆ ಹೋಗಲಿ. ಹೊಸ ಫ್ರೇಮ್ ಮಾಡಿಸುವಾಗ ಗಾಜಿಗೂ ಫೋಟೊಗೂ ನಡುವೆ ಅಂಚಿನ ಸುತ್ತ ದಪ್ಪ ರಟ್ಟಿನ ಚೌಕಟ್ಟು, ಅಂದರೆ ಮೌಂಟ್, ಕೇಳಿ. ಇಲ್ಲದಿದ್ದರೆ ಇಪ್ಪತ್ತು ವರ್ಷಕ್ಕೆ ಇದೇ ಕತೆ.

ಅಂಟು ಹಾಳೆಯ ಆಲ್ಬಮ್ ಇನ್ನೂ ಕಷ್ಟ. ಅದರ ಗೋಂದು ವರ್ಷ ಕಳೆದಂತೆ ಹಳದಿಯಾಗಿ ಗಟ್ಟಿಯಾಗುತ್ತದೆ. ನಾನು ಬಳಸುವುದು ಹಲ್ಲಿನ ಸಂದಿ ತೆಗೆಯುವ ದಾರ. ಮೆಡಿಕಲ್ ಶಾಪಿನಲ್ಲಿ ಫ್ಲಾಸ್ ಅಂತ ಕೇಳಿ, ಮೇಣ ಹಚ್ಚಿರಬಾರದು. ಎರಡೂ ತೋರುಬೆರಳಿಗೆ ಸುತ್ತಿಕೊಂಡು, ಫೋಟೊದ ಒಂದು ಮೂಲೆಯಡಿ ತೂರಿಸಿ, ಗರಗಸ ಎಳೆದ ಹಾಗೆ ಅತ್ತ ಇತ್ತ ಮೆಲ್ಲಗೆ ಎಳೆಯುತ್ತಾ ಒಳಗೆ ಹೋಗಬೇಕು. ಫೋಟೊ ಬಗ್ಗಬಾರದು, ಬೇಕಿದ್ದರೆ ಹಾಳೆ ಬಗ್ಗಲಿ. ನಡುವೆ ಎಲ್ಲಾದರೂ ತಡೆದರೆ ಅಲ್ಲಿಗೆ ನಿಲ್ಲಿಸಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ.

ಸ್ಕ್ಯಾನಿಂಗ್ ಅಂಗಡಿಯಲ್ಲಿ ಸುಮ್ನೆ ‘ಸ್ಕ್ಯಾನ್ ಮಾಡಿ’ ಅಂದರೆ ಕಾಗದಪತ್ರ ಮಾಡಿದ ಹಾಗೆ ಮಾಡಿಕೊಡುತ್ತಾರೆ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಅಂತ ಬಾಯಿಬಿಟ್ಟು ಹೇಳಿ. ಪಾಸ್‌ಪೋರ್ಟ್ ಸೈಜಿನದಕ್ಕೆ 1200. ಗುಣಮಟ್ಟ ಕುಗ್ಗದ ಟಿಫ್ ಫೈಲ್ ಒಂದು ಇಟ್ಟುಕೊಳ್ಳಿ, ಹಂಚುವುದಕ್ಕೆ ಜೆಪೆಗ್ ಸಾಕು. ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ, ಒದ್ದೆ ಬಟ್ಟೆ ಬೇಡವೇ ಬೇಡ. ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ ಬರೆದರೆ ಗೀರು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ ಅಂಚಿಗೆ ಬರೆಯಿರಿ. ಕಲರ್ ಪ್ರಿಂಟಿನ ಹಿಂಭಾಗ ನುಣುಪು, ಪೆನ್ಸಿಲ್ ಹಿಡಿಯುವುದಿಲ್ಲ. ಅದಕ್ಕೆ ಕಾಗದದ ಲಕೋಟೆ ಮಾಡಿ ಅದರ ಮೇಲೆ ಬರೆಯಿರಿ.

ಎಪ್ಪತ್ತು, ಎಂಬತ್ತರ ದಶಕದ ಕಲರ್ ಫೋಟೊಗಳು ಕೆಂಪಗಾಗಿದ್ದರೆ ಗಾಬರಿ ಬೀಳಬೇಡಿ. ಅವುಗಳಲ್ಲಿ ನೀಲಿ ಹಸಿರು ಬಣ್ಣ ಮೊದಲು ಮಾಸುತ್ತದೆ, ಕತ್ತಲಲ್ಲಿಟ್ಟರೂ ಮಾಸುತ್ತದೆ. ಹಾಗಾಗಿ ಸ್ಕ್ಯಾನ್ ಮಾಡಲು ಅವನ್ನೇ ಮೊದಲು ಎತ್ತಿಕೊಳ್ಳಿ. ಕಪ್ಪು ಬಿಳುಪಿನವು ಇನ್ನಷ್ಟು ದಿನ ಕಾಯುತ್ತವೆ.

ಸಾಗರದಿಂದ

ಮೈಸೂರಿನವರು ಹೇಳಿದ್ದೆಲ್ಲ ಸರಿ. ಆದರೆ ನಾನಾಗಿದ್ದರೆ ಸ್ಕ್ಯಾನರ್ ಮುಟ್ಟುವ ಮೊದಲು ಅರಸೀಕೆರೆಗೆ ಹೊರಡುತ್ತಿದ್ದೆ.

ನಮ್ಮದು ಶರಾವತಿಯ ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಅಜ್ಜ ಕಟ್ಟಿಸಿದ ಮನೆ, ತೋಟ, ಗದ್ದೆ ಎಲ್ಲ ನೀರಿನಡಿ ಹೋಯಿತು. ಹೊರಡುವ ಮುಂಚೆ ಯಾರೋ ಕರೆಸಿ ತೆಗೆಸಿದ ಒಂದೇ ಒಂದು ಫೋಟೊ ಉಳಿದಿದೆ. ಮನೆಯ ಜಗಲಿ ಮುಂದೆ ಹದಿನೇಳು ಜನ. ಅಜ್ಜ ನಡುವೆ ಮಣೆಯ ಮೇಲೆ ಕೂತಿದ್ದಾರೆ, ಹೆಗಲ ಮೇಲೆ ಶಾಲು. ಎಡತುದಿಯಲ್ಲಿ ಒಬ್ಬ ಹುಡುಗ ನಿಲ್ಲಲಾರದೆ ಓಡಿರಬೇಕು, ಅವನ ಕಾಲು ಮಾತ್ರ ಸ್ಪಷ್ಟ, ಮುಖ ಮಂಜು.

ಆ ಫೋಟೊವನ್ನು ದೊಡ್ಡದು ಮಾಡಿಸಿ ಸರಿಪಡಿಸಲು ನಾನು ಎರಡು ತಿಂಗಳು ಓಡಾಡಿದೆ. ಸೋದರತ್ತೆಗೆ ಚಂದದ ಪ್ರಿಂಟನ್ನೇ ತೋರಿಸೋಣ, ಆಮೇಲೆ ಹೆಸರು ಕೇಳೋಣ ಅಂದುಕೊಂಡೆ. ಪ್ರಿಂಟ್ ಬರುವ ವಾರ ಅವರು ಹೋಗಿಬಿಟ್ಟರು. ಫೋಟೊ ಬಹಳ ಚೆನ್ನಾಗಿ ಬಂತು. ಹದಿನೇಳರಲ್ಲಿ ನನಗೆ ಗೊತ್ತಿರುವ ಹೆಸರು ಆರು. ಓಡಿದ ಹುಡುಗ ಯಾರು ಅಂತ ಹೇಳುವವರು ಈಗ ಯಾರೂ ಇಲ್ಲ.

ಹಾಗಾಗಿ ಇನ್ನೂರನ್ನೂ ಮೊಬೈಲಿನಲ್ಲಿ ಹೇಗೋ ಒಂದು ತೆಗೆದುಕೊಂಡು, ಅರಸೀಕೆರೆಯ ಆ ಅಜ್ಜಿಯ ಹತ್ತಿರ ಹೋಗಿ. ಗುಂಪಿನ ಫೋಟೊ ಇದ್ದರೆ ಅದರ ಪ್ರಿಂಟಿನ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತಲೆಗಳ ಗೆರೆ ಎಳೆದು, ಒಂದೊಂದಕ್ಕೂ ನಂಬರ್ ಹಾಕಿ, ಪಕ್ಕದಲ್ಲಿ ಹೆಸರು ಬರೆಯಿರಿ. ‘ತಾತನ ಬಗ್ಗೆ ಹೇಳಿ’ ಅಂದರೆ ಹಿರಿಯರು ‘ಒಳ್ಳೆಯ ಮನುಷ್ಯ’ ಅಂದು ಸುಮ್ಮನಾಗುತ್ತಾರೆ. ಸಣ್ಣದು ಕೇಳಬೇಕು. ಈ ಶಾಲು ಎಲ್ಲಿಯದು? ಹಿಂದೆ ಕಾಣುವ ಬಾಗಿಲು ಯಾವ ಕೋಣೆಯದು? ಆ ದಿನ ಊಟ ಏನಿತ್ತು? ನಿಮ್ಮ ಮನೆಯಲ್ಲಿ ತಾತನ ವರ್ಷಾಬ್ದಿಕ ಹತ್ತಿರ ಬಂದಿದ್ದರೆ ಇನ್ನೂ ಒಳ್ಳೆಯದಾಯಿತು. ಎಲ್ಲರೂ ಸೇರುತ್ತಾರಲ್ವಾ, ಊಟ ಆದ ಮೇಲೆ ಚಾಪೆ ಹಾಸಿ ಫೋಟೊ ಹರಡಿ. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ. ಪಕ್ಕದಲ್ಲಿ ಫೋನಿನ ರೆಕಾರ್ಡರ್ ಆನ್ ಇರಲಿ, ಅವರಿಗೆ ಹೇಳಿಯೇ ಆನ್ ಮಾಡಿ.

ಇನ್ನೊಂದು ಮಾತು. ಫೋಟೊಗಳನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ನಮ್ಮ ಕಡೆಯಂತೂ ಹೆಂಚಿನಡಿ ಇಟ್ಟಿದ್ದಕ್ಕೆಲ್ಲ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಒಳಗೋಡೆಯ ಬೀರುವಿನಲ್ಲಿ, ನೆಲದಿಂದ ಮೇಲೆ ಇಡಿ. ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ತೇವ ಹೀರುತ್ತದೆ, ಅದನ್ನು ಆಗಾಗ ಬದಲಿಸಬೇಕು. ನುಸಿಗುಳಿಗೆ ಫೋಟೊ ಜೊತೆ ಬೇಡ.

ಮಂಗಳೂರಿನಿಂದ

ಆ ಕ್ಯಾಸೆಟ್ಟನ್ನು ಸಿಕ್ಕಿದ ಟೇಪ್ ರೆಕಾರ್ಡರಿಗೆ ಹಾಕಬೇಡಿ ಮಾರಾಯ್ರೇ. ನಮ್ಮ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ ಧ್ವನಿ ಇದ್ದ ಒಂದೇ ಕ್ಯಾಸೆಟ್. ನಾನು ಹಳೆಯ ಸೆಟ್ಟಿಗೆ ಹಾಕಿ, ಪ್ಲೇ ಒತ್ತುವ ಬದಲು ಅದರ ಜೊತೆ ರೆಕಾರ್ಡ್ ಗುಂಡಿಯನ್ನೂ ಒತ್ತಿಬಿಟ್ಟೆ. ಹನ್ನೊಂದು ಸೆಕೆಂಡು ಅಳಿಸಿಹೋಯಿತು. ಅಜ್ಜನ ಮಾತಿನ ನಡುವೆ ಈಗಲೂ ನಮ್ಮ ಮನೆಯ ಫ್ಯಾನಿನ ಸದ್ದು ಕೇಳುತ್ತದೆ.

ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಎಸಳು ಇರುತ್ತವೆ, ಒಂದೊಂದು ಬದಿಗೆ ಒಂದೊಂದು. ಅವೆರಡನ್ನೂ ಸ್ಕ್ರೂಡ್ರೈವರ್ ತುದಿಯಲ್ಲಿ ಮುರಿದು ತೆಗೆಯಿರಿ. ಆಮೇಲೆ ರೆಕಾರ್ಡ್ ಗುಂಡಿ ಒತ್ತಿದರೂ ಕೂರುವುದಿಲ್ಲ. ಇದನ್ನು ಇವತ್ತೇ ಮಾಡಿ.

ಟೇಪಿನ ಮೇಲೆ ಬಿಳಿ ಪುಡಿಯ ಹಾಗೆ ಕಂಡರೆ ಅದು ಬೂಷ್ಟು, ಗೊತ್ತಿದ್ದವರ ಕೈಗೇ ಕೊಡಿ. ಚೆನ್ನಾಗಿದ್ದರೆ, ಮೊದಲು ಬೇಡದ ಒಂದು ಕ್ಯಾಸೆಟ್ ಹಾಕಿ ಸೆಟ್ಟು ಟೇಪ್ ನುಂಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಹಾಕಿ, ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ, ವೇವ್ ಫೈಲಾಗಿ ಉಳಿಸಿ. 60ರ ಕ್ಯಾಸೆಟ್ ಆದರೆ ಬದಿಗೆ ಅರ್ಧ ಗಂಟೆ. ಮೊದಲ ಸಲ ಕೇಳುವಾಗಲೇ ರೆಕಾರ್ಡ್ ಆಗುತ್ತಿರಲಿ, ಎರಡನೇ ಸಲ ಟೇಪ್ ಓಡುತ್ತದೋ ಇಲ್ಲವೋ.

ಧಾರವಾಡದಿಂದ

ಇಸವಿ ಗೊತ್ತಿಲ್ಲದ ಫೋಟೊ ಇದ್ದರೆ ಹಿಂದಿನ ಸ್ಟುಡಿಯೊ ಸೀಲು ನೋಡ್ರಿ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು, ಅವತ್ತೇ ಪಿನ್ ಶುರುವಾಗಿದ್ದು. ‘ಮೈಸೂರು ರಾಜ್ಯ’ ಅಂತ ಇದ್ದರೆ ಹೆಚ್ಚುಕಮ್ಮಿ 1973ರ ನವೆಂಬರಿಗಿಂತ ಹಿಂದಿನದು. ಹಳೇ ಸೀಲು ಹಾಗೇ ಮುಂದುವರಿಸಿದವರೂ ಇದ್ದರು, ಅದಕ್ಕೇ ಹೆಚ್ಚುಕಮ್ಮಿ ಅಂದೆ. ಟ್ರಂಕಿನಲ್ಲಿ ಸ್ಟುಡಿಯೊ ಬಿಲ್ಲು ಸಿಕ್ಕು ಅದರಲ್ಲಿ ಆಣೆ ಲೆಕ್ಕ ಇದ್ದರೆ 1957ರ ಆಸುಪಾಸು ಅಥವಾ ಅದಕ್ಕೂ ಹಿಂದೆ. ಆ ವರ್ಷ ಏಪ್ರಿಲಿನಲ್ಲಿ ಆಣೆಯ ಬದಲು ನಯಾ ಪೈಸೆ ಬಂತು.

ಜಾತಕ ಇದೆ ಅಂದಿರಲ್ಲ, ಅದು ದೊಡ್ಡ ಆಸ್ತಿ. ಮೇಷ್ಟ್ರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಹುಟ್ಟಿದ ದಿನ ಬರೆಸುತ್ತಿದ್ದರು. ನಮ್ಮ ಅಜ್ಜನ ಸರ್ವಿಸ್ ಪುಸ್ತಕದ ತಾರೀಖಿಗೂ ಜಾತಕಕ್ಕೂ ಎರಡು ವರ್ಷ ಫರಕು. ಜಾತಕದಲ್ಲಿ ಸಂವತ್ಸರದ ಹೆಸರು ನೋಡ್ರಿ. ಪ್ರಭವ ಅಂದರೆ 1927ರ ಯುಗಾದಿಯಿಂದ. ಅಲ್ಲಿಂದ ಎಣಿಸಿದರೆ, ಉದಾಹರಣೆಗೆ, ಎಂಟನೆಯದಾದ ಭಾವ ಸಂವತ್ಸರ 1934ರ ಯುಗಾದಿಗೆ ಬರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದರಿಂದ ತಾತನ ವಿಷಯದಲ್ಲಿ ಗೊಂದಲ ಆಗುವುದಿಲ್ಲ.

ಮಸ್ಕತ್‌ನಿಂದ

ಚಿಕ್ಕದಾಗಿ ಹೇಳುತ್ತೇನೆ. ಫೋಟೊಗಳನ್ನು ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಮೂರು ಕಡೆ ಪ್ರತಿ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ನಮ್ಮಲ್ಲಿ ಎಲ್ಲವೂ ತಮ್ಮನ ಲ್ಯಾಪ್‌ಟಾಪಿನಲ್ಲೇ ಇತ್ತು, ಅದು ಕೆಟ್ಟಿತು. ನನ್ನ ಪೆನ್‌ಡ್ರೈವಿನಲ್ಲಿ ಅರ್ಧ ಇದ್ದಿದ್ದರಿಂದ ಅಜ್ಜ ಅರ್ಧ ಉಳಿದರು.

ದಾವಣಗೆರೆಯಿಂದ

ಮೊಬೈಲ್ ಆ್ಯಪಿನಲ್ಲಿ ಹಳೆಯ ಫೋಟೊ ‘ಹೊಸದು’ ಮಾಡುವವರಿಗೆ ಒಂದು ಮಾತು. ನಾನೂ ಮಾಡಿದೆ. ಅಜ್ಜನ ಮುಖ ಫಳಫಳ ಹೊಳೆಯಿತು, ಎಲ್ಲರೂ ಮೆಚ್ಚಿದರು. ಅಮ್ಮ ಮಾತ್ರ ತುಂಬ ಹೊತ್ತು ನೋಡಿ, ‘ಇವರು ನಮ್ಮಪ್ಪ ಅಲ್ಲ’ ಅಂದರು. ಬಲಗೆನ್ನೆಯ ಮಚ್ಚೆ ಮಾಯವಾಗಿತ್ತು, ಒಂದು ಕಣ್ಣು ಸ್ವಲ್ಪ ಸಣ್ಣದಿದ್ದದ್ದು ಎರಡೂ ಸಮ ಆಗಿತ್ತು. ಆ ಯಂತ್ರ ನಮ್ಮ ಅಜ್ಜನನ್ನು ನೋಡಿಯೇ ಇಲ್ಲವಲ್ಲ, ಕಾಣದ ಕಡೆ ತನಗೆ ತೋಚಿದ್ದನ್ನು ತುಂಬಿತ್ತು. ಬಣ್ಣ ಹಾಕಿ, ಗೀರು ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮುಟ್ಟದ ಸ್ಕ್ಯಾನ್ ಒಂದು ಬೇರೆಯೇ ಇರಲಿ. ತಿದ್ದಿದ ಫೈಲಿನ ಹೆಸರಿನಲ್ಲೇ ‘ತಿದ್ದಿದ್ದು’ ಅಂತ ಬರೆಯಿರಿ. ಇಲ್ಲದಿದ್ದರೆ ನಮ್ಮ ಮೊಮ್ಮಕ್ಕಳು ಅದೇ ನಿಜವಾದ ಮುಖ ಅಂದುಕೊಳ್ಳುತ್ತಾರೆ.

ಮತ್ತೆ ತಿಪಟೂರಿನಿಂದ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಾಗರದವರ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ಬೆಳಗ್ಗೆಯೇ ಅಪ್ಪನ ಜೊತೆ ಅರಸೀಕೆರೆಗೆ ಹೋದೆ.

ಅಜ್ಜಿಗೆ ಕಣ್ಣು ಮಂಜು, ಫೋನಿನಲ್ಲಿ ಫೋಟೊ ದೊಡ್ಡದು ಮಾಡಿ ತೋರಿಸಿದೆ. ಮೊದಲು ತಾತ ಹುಡುಗನಾಗಿದ್ದಾಗ ಕೋಟು ಹಾಕಿಕೊಂಡು ನಿಂತಿರುವ ಫೋಟೊ. ‘ಈ ಕೋಟು ಯಾರದ್ದಜ್ಜಿ?’ ಅಂದೆ. ಅವರು ನಕ್ಕುಬಿಟ್ಟರು. ‘ಅವನದ್ದೆಲ್ಲಿ ಬರಬೇಕು, ಸ್ಟುಡಿಯೊದ್ದು. ತೋಳು ನೋಡು, ಬೆರಳು ಮುಚ್ಚಿದೆ’ ಅಂದರು. ಅಷ್ಟು ವರ್ಷ ಆ ಫೋಟೊ ನೋಡಿದ್ದೇನೆ, ತಾತನ ಬೆರಳು ಕಾಣುವುದಿಲ್ಲ ಅನ್ನುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಫೋಟೊ ತೆಗೆಸಲು ಅಣ್ಣ ತಂಗಿ ಇಬ್ಬರೂ ನಡೆದು ಹೋಗಿದ್ದರಂತೆ. ತಂಗಿಗೂ ಒಂದು ತೆಗೆಸಲು ದುಡ್ಡು ಸಾಲಲಿಲ್ಲವಂತೆ, ವಾಪಸ್ ಬರುವಾಗ ತಾತ ಅವರಿಗೆ ಬಳೆ ಕೊಡಿಸಿದರಂತೆ. ಒಂದೂಮುಕ್ಕಾಲು ಗಂಟೆ ರೆಕಾರ್ಡ್ ಆಗಿದೆ. ಅರವತ್ತಮೂರು ಫೋಟೊಗೆ ಹೆಸರು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಸುಸ್ತಾಯಿತು, ಉಳಿದದ್ದಕ್ಕೆ ಮತ್ತೆ ಹೋಗುತ್ತೇವೆ.

ಕ್ಯಾಸೆಟ್ಟಿನ ಎರಡೂ ಎಸಳು ಮುರಿದಿದ್ದೇನೆ. ಅದರ ಮೇಲೆ ‘ಮನೆ’ ಅಂತ ಬರೆದಿದೆ ಅಂದದ್ದಕ್ಕೆ ಅಜ್ಜಿ, ‘ನಿಮ್ಮ ಹೊಸ ಮನೆ ಗೃಹಪ್ರವೇಶದ್ದಿರಬೇಕು. ನಿಮ್ಮಜ್ಜಿ, ನಾನು ಸೋಬಾನೆ ಹಾಡಿದ್ವಿ. ನಡುವೆ ನಿಮ್ಮ ತಾತ ಕಾಫಿ ಕೇಳಿದ್ದೂ ಬಿದ್ದಿರುತ್ತೆ’ ಅಂದರು. ಭಾನುವಾರ ಗೆಳತಿಯ ಅಣ್ಣ ಟೇಪ್ ಡೆಕ್ ತರುತ್ತಾರೆ. ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ, ಅಲ್ಲಿಯವರೆಗೆ ಯಾರೂ ಹಾಕಬೇಡಿ ಅಂತ ಎರಡು ಸಲ ಹೇಳಿ ಕಳಿಸಿದ್ದಾರೆ.