ಹಡಗಿನ ಜೊತೆ ಮುಳುಗಿದ ಖಲಾಸಿಯ ಹೆಸರನ್ನು ಅಧಿಕೃತ ಯುದ್ಧಮೃತರ ಪಟ್ಟಿಗೆ ಸೇರಿಸುವುದು ಹೇಗೆ?

ಆನಂದಪುರ_ಕಡತ

ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರದ ಹಳ್ಳಿಯೊಂದರ ವಿಷಯ. ಎಸ್.ಎಸ್. ಟಿಲಾವಾ ಹಡಗಿನಲ್ಲಿ ಭಂಡಾರಿ, ಅಂದರೆ ಅಡುಗೆಯವರಾಗಿದ್ದ ಒಬ್ಬರು 1942ರ ನವೆಂಬರ್ 23ರಂದು ಹಡಗಿನ ಜೊತೆಗೇ ಹೋದರು ಎಂಬುದು ಮನೆಯವರ ಹೇಳಿಕೆ. ದೇಹ ಸಿಗಲಿಲ್ಲ. ಉಳಿದಿರುವುದು 'ನಲ್ಲಿ'ಯ, ಅಂದರೆ ಖಲಾಸಿಯ ಸೇವಾಪುಸ್ತಕದ, ಎರಡು ಹಾಳೆ, ಅದೂ ಅರ್ಧ ಗೆದ್ದಲು ತಿಂದದ್ದು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ (ಯುದ್ಧಮೃತರ ಅಧಿಕೃತ ಪಟ್ಟಿ ಇಟ್ಟುಕೊಂಡಿರುವ ಸಂಸ್ಥೆ) ಜಾಲತಾಣದಲ್ಲಿ ಹೆಸರು ಹಾಕಿದರೆ ಏನೂ ಬರುತ್ತಿಲ್ಲ. ಊರಲ್ಲಿ ಮೂರು ಸಲಹೆ: ಸಾಗರದ ಕೋರ್ಟಿನಲ್ಲಿ ಮರಣ ಘೋಷಣೆ ಮಾಡಿಸಿ, ತಾಲ್ಲೂಕು ಕಚೇರಿಯಲ್ಲಿ ಮರಣ ಪ್ರಮಾಣಪತ್ರ ತೆಗೆಸಿ, ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಬರೆಯಿರಿ. ಯಾವುದು ಮೊದಲು?

ಹಳೇ_ಲಂಗರು

ಮೂರೂ ಬೇಡ.

ಏಳು ವರ್ಷ ಸುದ್ದಿಯಿಲ್ಲದವರು ಸತ್ತಿದ್ದಾರೆಂದು ಕೋರ್ಟು ಊಹಿಸಬಹುದು. ಆದರೆ ಆ ಊಹೆ ಸಾವಿಗೆ ಮಾತ್ರ, ಸತ್ತ ದಿನಕ್ಕಲ್ಲ. ಕಮಿಷನ್ನಿಗೆ ಬೇಕಾದದ್ದು ದಿನ ಮತ್ತು ಕಾರಣ. ವಕೀಲರ ಫೀಸು ಕೊಟ್ಟು ತಂದ ಡಿಕ್ರಿಯಲ್ಲಿ ಅವೆರಡೇ ಇರುವುದಿಲ್ಲ. ಮರಣ ನೋಂದಣಿ ಆಗುವುದು ಸಾವು ನಡೆದ ಜಾಗದ ರಿಜಿಸ್ಟ್ರಾರ್ ಬಳಿ, ನಡುಗಡಲಿಗೂ ಸಾಗರದ ತಾಲ್ಲೂಕು ಕಚೇರಿಗೂ ಸಂಬಂಧವಿಲ್ಲ (ಊರಿನ ಹೆಸರು ಸಾಗರ ಆದರೂ!). ದೆಹಲಿಯ ಸ್ಮಾರಕ ಸ್ವಾತಂತ್ರ್ಯಾನಂತರ ಮಡಿದ ಯೋಧರದ್ದು.

ನಿಮಗೆ ದಾರಿ ಕಮಿಷನ್ ಒಂದೇ. ಎರಡನೇ ಮಹಾಯುದ್ಧಕ್ಕೆ ಅವರ ಅವಧಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಇಲ್ಲಿ ಬಹಳ ಜನ ಎಡವುವ ಒಂದು ವ್ಯತ್ಯಾಸವಿದೆ. ರಾಯಲ್ ಇಂಡಿಯನ್ ನೇವಿಯ ನಾವಿಕ ಸೇವೆಯಲ್ಲಿದ್ದಾಗ ಜ್ವರದಿಂದ ಸತ್ತರೂ ಅರ್ಹ. ವ್ಯಾಪಾರಿ ಹಡಗಿನ ಖಲಾಸಿ ಹಾಗಲ್ಲ, ಸಾವಿಗೆ ಯುದ್ಧವೇ ಕಾರಣವೆಂದು ತೋರಿಸಬೇಕು. ಡೆಕ್ಕಿನ ಮೇಲೆ ಕಾಲು ಜಾರಿ ಬಿದ್ದವನು, ಬಂದರಿನಲ್ಲಿ ಕಾಲರಾ ಬಂದವನು ಪಟ್ಟಿಗೆ ಸೇರುವುದಿಲ್ಲ.

ಟಿಲಾವಾದ ಮಟ್ಟಿಗೆ ಕಾರಣ ಸ್ಪಷ್ಟ. ಮುಂಬಯಿಯಿಂದ ಆಫ್ರಿಕಾಕ್ಕೆ ಹೋಗುತ್ತಿದ್ದ ಹಡಗಿಗೆ ಜಪಾನಿನ ಐ-29 ಜಲಾಂತರ್ಗಾಮಿ ಟಾರ್ಪೆಡೊ ಹೊಡೆಯಿತು. ದೋಣಿಗಿಳಿದಿದ್ದವರಲ್ಲಿ ಕೆಲವರು ಹಡಗು ತೇಲುತ್ತಲೇ ಇರುವುದನ್ನು ಕಂಡು ವಾಪಸ್ ಹತ್ತಿದರು, ಆಮೇಲೆ ಎರಡನೇ ಟಾರ್ಪೆಡೊ ಬಂತು. ಇದ್ದವರು 958 ಜನ, ಸತ್ತವರು 280. ಅದರಲ್ಲಿ ಸಿಬ್ಬಂದಿ 28, ಉಳಿದವರು ಪ್ರಯಾಣಿಕರು.

ಈ 28 ಎಂಬ ಸಂಖ್ಯೆಯೇ ನಿಮ್ಮ ಕೀಲಿಕೈ. ಜಾಲತಾಣದಲ್ಲಿ ಹೆಸರಿನ ಖಾನೆ ಖಾಲಿ ಬಿಡಿ. ಮರಣದ ದಿನಾಂಕ, ಮರ್ಚೆಂಟ್ ನೇವಿ, ಇವೆರಡನ್ನೇ ಹಾಕಿ ಹಡಗಿನ ಹೆಸರು ನೋಡುತ್ತ ಹೋಗಿ. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಎಲ್ಲವನ್ನೂ ಓದಿ ಮುಗಿಸಬಹುದು. ದಿನಾಂಕವನ್ನು ಹಿಂದೆಮುಂದೆ ಎರಡು ದಿನ ಸಡಿಲ ಬಿಡಿ. ಭಾರತೀಯ ಖಲಾಸಿಗಳ ಹೆಸರು ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಹುಡುಕಬೇಡಿ. ಅವರದು ಮುಂಬಯಿ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿರುವ ಸ್ಮಾರಕ ಗ್ರಂಥ, ಅದರದೇ ಪ್ರತಿ ಚಿತ್ತಗಾಂಗ್‌ನಲ್ಲಿ. ಕಲ್ಲಲ್ಲ, ಪುಸ್ತಕ. 6 ಸಾವಿರಕ್ಕೂ ಹೆಚ್ಚು ಹೆಸರು ಅದರಲ್ಲಿವೆ.

ಅಕ್ಷರಭೂತ

ಲಂಗರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಮಲೆನಾಡಿನವರ ಹೆಸರು ಸಿಗದಿರುವುದಕ್ಕೆ ಹೆಚ್ಚಿನ ಸಲ ಕಾರಣ ಹೆಸರಲ್ಲ, ಊರು. ಇಂಗ್ಲಿಷಿನಲ್ಲಿ 'ಸಾಗರ್' ಎಂದು ಬರೆದದ್ದನ್ನು ಮುಂದಿನ ಗುಮಾಸ್ತ ಮಧ್ಯಪ್ರದೇಶದ 'ಸಾಗೋರ್' ಮಾಡಿಬಿಡಬಹುದು. ಆನಂದಪುರ ಹಳೆಯ ದಾಖಲೆಗಳಲ್ಲಿ 'ಅನಂತಪುರ', ನೋಡಿದವರು ಆಂಧ್ರದ್ದೆಂದುಕೊಳ್ಳುತ್ತಾರೆ. ಹೊಸನಗರದ 'ನಗರ'ವಂತೂ ಊರಿನ ಹೆಸರೆಂದೇ ಯಾರಿಗೂ ಹೊಳೆಯುವುದಿಲ್ಲ. ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬಂದ ಮನೆತನವಾದರೆ 'ಹೊನೋರ್' ಎಂದೂ ಹುಡುಕಿ. ಹುಸೇನ್, ಅಬ್ದುಲ್, ನಾಯ್ಕ ಇವಕ್ಕೆ ಮೂರು ನಾಲ್ಕು ಸ್ಪೆಲಿಂಗ್ ಇದ್ದೇ ಇರುತ್ತವೆ. ತಂದೆಯ ಹೆಸರು ಅಡ್ಡಹೆಸರಿನ ಜಾಗಕ್ಕೆ ಬಂದಿರುವುದೂ ಮಾಮೂಲು.

ಇನ್ನು ನಲ್ಲಿ (ನೀರಿನದಲ್ಲ!). ಗೆದ್ದಲು ಬಿಟ್ಟ ಭಾಗದಲ್ಲಿ ಕೊನೆಯ ಸಾಲು ನೋಡಿ. ಹಡಗಿನ ಹೆಸರು, ಕೆಲಸಕ್ಕೆ ಸೇರಿದ ದಿನಾಂಕ ಇದ್ದು ಬಿಡುಗಡೆಯ ಖಾನೆ ಖಾಲಿಯಿದ್ದರೆ ಆ ಖಾಲಿ ಜಾಗವೇ ಸಾಕ್ಷ್ಯ. ಆ ಹಾಳೆಯನ್ನು 600 ಡಿಪಿಐನಲ್ಲಿ, ಅಂಚು ಸಮೇತ, ಎರಡೂ ಮಗ್ಗುಲು ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ದಯವಿಟ್ಟು ಬೇಡ. ನಮ್ಮ ಕಡೆಯ ತೇವಕ್ಕೆ ಒಳಗೇ ಬೂಷ್ಟು ಹಿಡಿಯುತ್ತದೆ, ಬಿಚ್ಚಲು ಹೋದರೆ ಶಾಯಿ ಪ್ಲಾಸ್ಟಿಕ್ಕಿನ ಜೊತೆ ಬರುತ್ತದೆ.

ಆನಂದಪುರ_ಕಡತ

ಖಾಲಿ ಖಾನೆಯ ವಿಷಯ ಹೊಳೆದೇ ಇರಲಿಲ್ಲ. ಹೆಸರು ತಪ್ಪಾಗಿ ಸಿಕ್ಕರೆ ಏನು, ಸಿಗದೇ ಹೋದರೆ ಏನು?

ಹಳೇ_ಲಂಗರು

ತಪ್ಪಾಗಿ ಸಿಕ್ಕರೆ ತಿದ್ದುಪಡಿಗೆ ಬರೆಯಿರಿ, ಹೊಸ ಸೇರ್ಪಡೆಗಲ್ಲ. ಎರಡನ್ನೂ ಒಟ್ಟಿಗೆ ಕಳಿಸಿದರೆ ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ, ಅದನ್ನು ಬಿಡಿಸಲು ಮತ್ತೆ ಪತ್ರವ್ಯವಹಾರ.

ಸಿಗದಿದ್ದರೆ ಮೂರು ಕೊಂಡಿ ಜೋಡಿಸಬೇಕು: ಇಂಥ ಮನುಷ್ಯ ಇದ್ದ, ಅಂದು ಆ ಹಡಗಿನಲ್ಲಿದ್ದ, ಶತ್ರುವಿನ ದಾಳಿಯಿಂದ ಸತ್ತ. ಮೂರನೆಯದು ಕೈಯಲ್ಲಿದೆ, ಮೊದಲನೆಯದಕ್ಕೆ ನಲ್ಲಿ ಇದೆ. ಕಷ್ಟ ಎರಡನೆಯದೇ. ಲಂಡನ್ ಹತ್ತಿರದ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 334 ಸರಣಿಯೇ ಸಮುದ್ರದಲ್ಲಿ ಸತ್ತವರ ರಿಜಿಸ್ಟರು. ಹೆಸರಿನ ಸೂಚಿಗಿಂತ ಹಡಗಿನ ಸೂಚಿ ಹಿಡಿದು ಹೋಗಿ, ಸ್ಪೆಲಿಂಗಿನ ಭೂತ ಅಲ್ಲಿ ಕಾಡುವುದಿಲ್ಲ. ಯುದ್ಧಕಾಲದ ಸಿಬ್ಬಂದಿ ಪಟ್ಟಿ ಬಿಟಿ 381ರಲ್ಲಿದೆ, ಜೋಡಿಸಿರುವುದು ಹಡಗಿನ ಅಧಿಕೃತ ಸಂಖ್ಯೆಯ ಮೇಲೆ. ಆ ಸಂಖ್ಯೆ ಸ್ಕ್ಯಾನ್ ಆಗಿರುವ ಲಾಯ್ಡ್ಸ್ ರಿಜಿಸ್ಟರಿನಲ್ಲಿ (ಹಡಗುಗಳ ಪಟ್ಟಿ) ಸಿಗುತ್ತದೆ. ಜರ್ಮನ್ ಯು-ಬೋಟ್‌ಗಳ ಜಾಲತಾಣಗಳಲ್ಲಿ ಸಮಯ ಕಳೆಯಬೇಡಿ, ಇದು ಜಪಾನಿ ದಾಳಿ.

ಇಲ್ಲಿಯ ದಾಖಲೆಗೆ ಮುಂಬಯಿಯ ಸರ್ಕಾರಿ ಶಿಪ್ಪಿಂಗ್ ಆಫೀಸಿಗೆ 10 ರೂಪಾಯಿಯ ಆರ್‌ಟಿಐ ಹಾಕಿ. "ಎಲ್ಲ ಮಾಹಿತಿ ಕೊಡಿ" ಎಂದು ಬರೆಯಬೇಡಿ. ನಲ್ಲಿಯ ಸಂಖ್ಯೆ, ಹಡಗು, ದಿನಾಂಕ ಕೊಟ್ಟು ಒಂದೇ ಪ್ರಶ್ನೆ ಕೇಳಿ. "ದಾಖಲೆ ಲಭ್ಯವಿಲ್ಲ" ಎಂದು ಬಂದರೂ ಆ ಉತ್ತರ ಎಸೆಯಬೇಡಿ, ಕಮಿಷನ್ನಿಗೆ ಹೋಗುವ ಕಡತದಲ್ಲಿ ಅದಕ್ಕೂ ಜಾಗವಿದೆ.

ಅರ್ಜಿಯಲ್ಲಿ ಒಂದು ವಾಕ್ಯ ಸೇರಿಸಬಹುದು. 2021ರ ಏಪ್ರಿಲ್‌ನಲ್ಲಿ ಕಮಿಷನ್ನಿನ ವಿಶೇಷ ಸಮಿತಿಯೇ ಮೊದಲ ಮಹಾಯುದ್ಧದ ಬಗ್ಗೆ ವರದಿ ಕೊಟ್ಟು, ಕನಿಷ್ಠ 1,16,000 ಜನ, ಪ್ರಾಯಶಃ 3,50,000ದವರೆಗೆ, ಹೆಸರಿಲ್ಲದೆ ಅಥವಾ ಸ್ಮರಣೆಯೇ ಇಲ್ಲದೆ ಉಳಿದಿದ್ದಾರೆ ಎಂದಿತು. ಹೆಚ್ಚಿನವರು ಆಫ್ರಿಕಾ, ಏಷ್ಯಾದವರು. ನಿಮ್ಮದು ಎರಡನೇ ಯುದ್ಧ, ನಿಜ, ಆದರೂ ಪಟ್ಟಿ ಪೂರ್ಣ ಎಂದು ಅವರೂ ಈಗ ಹೇಳುವುದಿಲ್ಲ.

ಅದೇ ಟಿಲಾವಾದಲ್ಲಿದ್ದ ಬೆಳ್ಳಿಗಟ್ಟಿ 2,364. ಅವನ್ನು ಮೇಲೆತ್ತಿ, 2024ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯ ನಡೆಯಿತು. ಗಟ್ಟಿಯ ಲೆಕ್ಕ ಒಂದೂ ತಪ್ಪಿಲ್ಲ ನೋಡಿ.

ಜಂಬಿಟ್ಟಿಗೆ

ಒಪ್ಪಿಗೆ ಸಿಕ್ಕರೂ ಕಮಿಷನ್ ನಿಮ್ಮೂರಲ್ಲಿ ಕಲ್ಲು ನಿಲ್ಲಿಸುವುದಿಲ್ಲ, ಹೆಸರು ಅವರ ದಾಖಲೆಗೆ ಸೇರುತ್ತದೆ ಅಷ್ಟೆ. ಊರಲ್ಲೂ ಬೇಕಿದ್ದರೆ ಗ್ರಾಮಸಭೆಯ ಠರಾವು ಮಾಡಿಸಿ. 2023ರ 'ಮೇರಿ ಮಾಟಿ ಮೇರಾ ದೇಶ್' ಅಭಿಯಾನದಲ್ಲಿ ಪಂಚಾಯಿತಿಗಳ ಮುಂದೆ ಶಿಲಾಫಲಕ ನಿಂತಿವೆ, ನಿಮ್ಮಲ್ಲಿಯೂ ಇದ್ದರೆ ಪಕ್ಕದಲ್ಲೇ ಜಾಗ ಕೇಳಿ.

ಫಲಕ ಕರಿಕಲ್ಲಿನದಿರಲಿ. ಅಕ್ಷರಕ್ಕೆ ಬಣ್ಣ ತುಂಬಿಸಿ ಸಾಕೆನ್ನಬೇಡಿ, ಎರಡು ಮಳೆಗಾಲಕ್ಕೆ ಎದ್ದುಹೋಗುತ್ತದೆ. ಉಳಿಯಲ್ಲಿ 4 ಮಿ.ಮೀ. ಆಳಕ್ಕೆ ಕೆತ್ತಿಸಿ. ಪೀಠ ಜಂಬಿಟ್ಟಿಗೆಯದಾದರೆ ನೀರು ಹೀರಿ ಕೆಳಗಿನಿಂದ ಪಾಚಿ ಹತ್ತುತ್ತದೆ, ನಡುವೆ ಸಿಮೆಂಟು ಗಾರೆಯ ಪದರ ಹಾಕಿಸಿ. ಕೆಳಗಿನ ಸಾಲು ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಇಲ್ಲದಿದ್ದರೆ ಸೂರಿನ ನೀರು ಸಿಡಿದು ಕೆಮ್ಮಣ್ಣು ಮೆತ್ತುತ್ತದೆ. ಬರಹಕ್ಕೆ ಇಷ್ಟು ಸಾಕು: ಹೆಸರು, ತಂದೆಯ ಹೆಸರು, ಭಂಡಾರಿ, ಎಸ್.ಎಸ್. ಟಿಲಾವಾ, 23-11-1942.