ಸಹಾಯ ಬೇಕು: ಮಾಗೋಡು ಮೊದಲೋ, ಸೋದೆ ಮೊದಲೋ?

ನಮಸ್ಕಾರ ಎಲ್ಲರಿಗೂ. ಬರುವ ಭಾನುವಾರ ಹುಬ್ಬಳ್ಳಿಯಿಂದ ಕಾರಿನಲ್ಲಿ ಹೊರಟಿದ್ದೇವೆ. ನಾನು, ನಮ್ಮವ್ವ, ತಂಗಿ. ಕಲಘಟಗಿ ಮೇಲೆ ಯಲ್ಲಾಪುರ, ಮಾಗೋಡು ಜಲಪಾತ, ಅಲ್ಲಿಂದ ಸೋದೆ ವಾದಿರಾಜ ಮಠ. ರಾತ್ರಿ ವಾಪಸ್.

ಹೋದ ಆಷಾಢದಲ್ಲಿ ಮಾಗೋಡಿಗೆ ಬೆಳಿಗ್ಗೆ ಎಂಟಕ್ಕೇ ಹೋಗಿ ಕೆಟ್ಟೆವು. ಬರೀ ಮಂಜು. ಬೇಡ್ತಿ ನದಿ ಧುಮುಕುವ ಸದ್ದಷ್ಟೇ ಕೇಳಿತು, ನೀರು ಒಂದು ಹನಿ ಕಾಣಲಿಲ್ಲ. ಅವ್ವ ಕೊಡೆ ಹಿಡಿದು ಅರ್ಧ ಗಂಟೆ ನಿಂತಳು. ಆಮೇಲೆ ನೋಡಿದರೆ ಹಿಮ್ಮಡಿಗೆ ಉಂಬಳ, ಅದೇ ಜಿಗಣೆ! ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ತಾನೇ ಹಚ್ಚಿ ಬಿಡಿಸಿದಳು. ಕಿರುಚಿದ್ದು ಮಾತ್ರ ನಾನು.

ಈ ಸಲ ಮಳೆಗಾಲದಲ್ಲಿ ಹೋಗಿ ಬಂದವರು ಹೇಳಿ: ಮಂಜು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಸರಿಯುತ್ತೆ? ಮೊದಲು ಸೋದೆಗೆ ಹೋಗಿ, ಮಧ್ಯಾಹ್ನದ ಪ್ರಸಾದ ಮುಗಿಸಿ ಮಾಗೋಡಿಗೆ ಬಂದರೆ ಒಳ್ಳೆಯದಾ? ಏಕಾದಶಿ ತಪ್ಪಿಸಿಯೇ ದಿನ ಆರಿಸಿದ್ದೇವೆ, ಅವತ್ತು ಮಠದಲ್ಲಿ ಊಟ ಇರಲ್ಲ ಅಲ್ವಾ.

ಅವ್ವನಿಗೆ ಮೊಣಕಾಲು ನೋವು. ಮೆಟ್ಟಿಲು ಜಾಸ್ತಿ ಇಳಿಯದೆ ಜಲಪಾತ ಕಾಣುವ ಜಾಗ ಇದೆಯಾ? ಅವಳಿಗೆ ಮಠದಲ್ಲಿ ವೃಂದಾವನದ ಮುಂದೆ ಸುಮ್ನೆ ಒಂದು ತಾಸು ಕೂರಬೇಕಂತೆ. ಭಾನುವಾರ ಗದ್ದಲ ಕಡಿಮೆ ಇರುವ ಹೊತ್ತು ಯಾವುದು?

ಯಲ್ಲಾಪುರದಿಂದ ಸೋದೆಗೆ ಈಗ ರಸ್ತೆ ಹೇಗಿದೆ ಅಂತಲೂ ತಿಳಿಸಿ. ನಮ್ಮದು ಸಣ್ಣ ಕಾರು.